ಹೆರಿಗೆ ಕೋಣೆಯ ಕರೆಂಟು

ಮತ್ತೆ ಕರೆಂಟು ಹೋಯಿತು. ಹೊಲಿಗೆ ಯಂತ್ರ ಅರ್ಧ ತೋಳಿನಲ್ಲೇ ನಿಂತಿತು. ಈಗ ಬರುತ್ತದೆ ಎಂದು ಟೈಲರ್ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಕೂತ. ಬರಲಿಲ್ಲ. ಎದ್ದು ಬಾಗಿಲಿಗೆ ಹೋದ. ಒಳಗೆ ಬಂದ. ಮತ್ತೆ ಬಾಗಿಲಿಗೆ ಹೋದ.

“ನೀವು ಓಡಾಡಿದ್ರೆ ಕರೆಂಟು ಬರಲ್ಲ. ನೆಲ ಸವೆಯುತ್ತೆ ಅಷ್ಟೆ,” ಎಂದಳು ಹೆಂಡತಿ.

ಅವನ ಚಿಂತೆ ಅಂಗಡಿಯದಾಗಿರಲಿಲ್ಲ. ಮಗಳಿಗೆ ದಿನ ತುಂಬಿತ್ತು. ಹೆರಿಗೆ ಆಗಬೇಕಾದದ್ದು ಬೀದಿ ಕೊನೆಯ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ. ಅಲ್ಲಿನ ಇನ್ವರ್ಟರ್ ಈಚೆಗೆ ಕರೆಂಟು ಹೋದ ಸ್ವಲ್ಪ ಹೊತ್ತಿಗೇ ಕೈ ಕೊಡುತ್ತಿತ್ತು. ಹೋದ ವಾರ ಒಬ್ಬ ಬಾಣಂತಿಗೆ ಮೊಬೈಲ್ ಬೆಳಕಿನಲ್ಲಿ ಹೊಲಿಗೆ ಹಾಕಿದ್ದರು. ಹೀಗೇ ಆದರೆ ಹೆರಿಗೆ ಕೋಣೆಯನ್ನೇ ಮುಚ್ಚುತ್ತೇವೆ, ಎಲ್ಲರೂ ದೊಡ್ಡ ಆಸ್ಪತ್ರೆಗೆ ಹೋಗಲಿ ಎಂದು ಮೇಲಿನವರು ಹೇಳಿಬಿಟ್ಟಿದ್ದರು. ದೊಡ್ಡ ಆಸ್ಪತ್ರೆ ಹೊಳೆಯಾಚೆ. ಸೇತುವೆಯ ಮೇಲೆ ವಾಹನಗಳು ನಿಂತವೆಂದರೆ ನಿಂತವೇ.

ಕೇಂದ್ರದ ಸಮಿತಿಗೆ ಟೈಲರೇ ಅಧ್ಯಕ್ಷ. ಸೋಲಾರ್ ಹಾಕಿಸಲು ಅನುದಾನ ಬಂದಿತ್ತು. ತಿಂಗಳ ಕೊನೆಯೊಳಗೆ ಕೆಲಸ ವಹಿಸದಿದ್ದರೆ ಅದು ವಾಪಸ್ಸು. ಒಬ್ಬ ಮಾರಾಟಗಾರ ಎಲ್ಲರಿಗಿಂತ ಕಡಿಮೆ ದರ ಹೇಳಿದ್ದ. ಮರುದಿನ ಸಂಜೆಯ ಸಭೆಯಲ್ಲಿ ಸಹಿಯಾಗಬೇಕಿತ್ತು.

ಆ ದಿನ ಬೆಳಿಗ್ಗೆ ಅವನ ನಾದಿನಿ ಅಕ್ಕನ ಮಗಳನ್ನು ನೋಡಲು ಬಂದಳು. ಅವಳು ನೀರು ಸರಬರಾಜು ಕಚೇರಿಯ ಎಂಜಿನಿಯರು. ಪಂಪುಗಳ ಕರೆಂಟು ಖರ್ಚು ಇಳಿಸುವುದೇ ಅವಳ ಕೆಲಸ. ಚಪ್ಪಲಿ ಬಿಡುವ ಮೊದಲೇ ಭಾವ ಸೋಲಾರ್ ವಿಷಯ ತೆಗೆದ.

“ಎಷ್ಟು ಕರೆಂಟು ಕೊಡ್ತೀನಿ ಅಂತ ಬರೆದುಕೊಟ್ಟಿದ್ದಾನೆ ಭಾವ?”

“ಪ್ಯಾನಲ್ ಎಷ್ಟು ಅಂತ ಬರೆದಿದ್ದಾನೆ.”

“ನಾನು ಕೇಳಿದ್ದು ಕರೆಂಟು.”

“ಪ್ಯಾನಲ್ ಇದ್ರೆ ಕರೆಂಟು ಬರಲ್ವೇನೇ?”

“ಗ್ರಂಥಾಲಯದ ಮೇಲೂ ಇದೆಯಲ್ಲ. ಬರ್ತಿದೆಯಾ?”

ಗ್ರಂಥಾಲಯದ ಪ್ಯಾನಲ್‌ಗಳು ಬೀದಿಯ ಕಡೆಗೆ ಮುಖ ಮಾಡಿದ್ದವು. ಉದ್ಘಾಟನೆಯ ಫೋಟೋದಲ್ಲಿ ಚೆನ್ನಾಗಿ ಕಾಣಲಿ ಎಂದು ಹಾಗೆ ಕೂರಿಸಿದ್ದರು. ಬಿಸಿಲು ಬೀಳುವುದು ಕಟ್ಟಡದ ಹಿಂಬದಿಗೆ. ತೊಳೆಯುವವರು ಯಾರೆಂದು ಒಪ್ಪಂದದಲ್ಲಿ ಇರಲಿಲ್ಲ. ಈಗ ಅವುಗಳ ಮೇಲೆ ಪಾರಿವಾಳಗಳ ಸಂಸಾರ.

“ಸೋಲಾರೇ ಮೋಸ ಅಂತ ಹೇಳು ಹಾಗಾದ್ರೆ,” ಎಂದ ಟೈಲರ್.

“ಸೋಲಾರ್ ಮೋಸ ಮಾಡಿಲ್ಲ. ಕೊಂಡವರು ಕೇಳಬೇಕಾದ್ದು ಕೇಳಿಲ್ಲ. ಅಲ್ಲ ಭಾವ, ಅಳತೆ ತಗೊಳ್ಳದೆ ನೀವು ಬಟ್ಟೆಗೆ ಕತ್ತರಿ ಹಾಕ್ತೀರಾ? ಆ ಕೇಂದ್ರಕ್ಕೆ ಎಷ್ಟು ಕರೆಂಟು ಬೇಕು, ಅದಾದ್ರೂ ಗೊತ್ತಾ?”

“ಈಗ ಅಳೀತಾ ಕೂರೋಕೆ ಟೈಮ್ ಎಲ್ಲಿದೆ? ಮಗಳ ಹೆರಿಗೆ ಕಾಯುತ್ತಾ?”

“ಇವತ್ತು ಸಹಿ ಹಾಕಿದ್ರೆ ನಾಳೆ ಪ್ಯಾನಲ್ ಬಂದು ಕೂರಲ್ಲ. ಇವತ್ತೇ ಆಗೋ ಕೆಲಸ ಬೇರೆ ಇದೆ. ನಡೀರಿ.”

ಕೇಂದ್ರದಲ್ಲಿ ನರ್ಸ್ ಕೀಲಿ ಗೊಂಚಲು ಹಿಡಿದು ಅವರ ಜೊತೆ ಬಂದಳು. ನಾದಿನಿ ಮುಖ್ಯ ಸ್ವಿಚ್ ಆರಿಸಿದಳು. “ಈಗ ಓಡ್ತಿರೋದೆಲ್ಲ ಇನ್ವರ್ಟರ್ ಮೇಲೆ. ನೋಡ್ತಾ ಬನ್ನಿ.”

ಕಾಯುವ ಕೋಣೆಯಲ್ಲಿ ಮೀನಿನ ತೊಟ್ಟಿ ಗುಳುಗುಳು ಎನ್ನುತ್ತಿತ್ತು. ಗುಮಾಸ್ತರ ಫ್ಯಾನು ತಿರುಗುತ್ತಿತ್ತು. ಅವರು ಕುರ್ಚಿಯಲ್ಲಿರಲಿಲ್ಲ. ಉಗ್ರಾಣದಲ್ಲಿ ಎಸಿ ಚಾಲೂ ಇತ್ತು, ಒಳಗೆ ಹಳೆಯ ಮಂಚಗಳು. ಹಗಲಲ್ಲೇ ಉದ್ದನೆಯ ಹಳೇ ಟ್ಯೂಬ್‌ಲೈಟುಗಳು ಉರಿಯುತ್ತಿದ್ದವು. ಚಹಾ ಕೆಟಲ್ ಕೂಡ ಅದೇ ತಂತಿಗೆ.

“ಇದೆಲ್ಲ ಹೆರಿಗೆ ಕೋಣೆಯ ಇನ್ವರ್ಟರಿಗೆ ಯಾಕೆ ಹಾಕಿದ್ರಿ ಸಿಸ್ಟರ್?”

“ನಾವೆಲ್ಲಿ ಹಾಕಿದ್ವಿ? ಒಬ್ಬೊಬ್ಬರೇ ಬಂದು, ಕರೆಂಟು ಹೋದಾಗ ನಮ್ಮದೊಂದು ಇರಲಿ ಅಂತ ತಗುಲಿಸಿಕೊಂಡ್ರು. ಬೇಡ ಅಂದ್ರೆ ಮುಖ ಊದಿಸಿಕೊಳ್ತಾರೆ.”

“ಹೊರಗೆ ಆ ಝಗಝಗ ಬೋರ್ಡು? ಅದು ಯಾರದು?”

ನರ್ಸ್ ಕಿಟಕಿಯ ಆಚೆ ನೋಡಿದಳು. “ಅಧ್ಯಕ್ಷರ ಕೊಡುಗೆ. ಕರೆಂಟು ಹೋದ್ರೂ ಆರಬಾರದು ಅಂದಿದ್ರು.”

ಟೈಲರ್ ಕಿವಿ ಕೆಂಪಾಯಿತು. “ಅದು... ಊರಿಗೆ ದಾರಿ ಕಾಣಲಿ ಅಂತ,” ಎಂದ.

“ದಾರಿ ಕಾಣುತ್ತೆ ಭಾವ. ಬಂದ ಮೇಲೆ ಡಾಕ್ಟರಿಗೆ ಮಗು ಕಾಣಲ್ಲ.”

ಲಸಿಕೆಯ ಫ್ರಿಜ್ಜಿನ ಬಾಗಿಲಿಗೆ ನಾದಿನಿ ಒಂದು ಚೀಟಿ ಸಿಕ್ಕಿಸಿ ಮುಚ್ಚಿದಳು. ಎಳೆದರೆ ಸಲೀಸಾಗಿ ಬಂತು. ಬಾಗಿಲ ರಬ್ಬರು ಸವೆದು ತಂಪು ಸೋರುತ್ತಿತ್ತು.

“ಮೊದಲು ಸೋರೋದು ನಿಲ್ಲಲಿ. ಆಮೇಲೆ ಎಷ್ಟು ಬೇಕು ಅಂತ ಅಳೆಯೋಣ. ಆಗ ಸೋಲಾರ್ ಚಿಕ್ಕದು ಸಾಕಾಗುತ್ತೆ, ಅದೇ ಅನುದಾನದಲ್ಲಿ ಒಳ್ಳೇ ಬ್ಯಾಟರಿ ಬರುತ್ತೆ. ಟೆಂಡರಲ್ಲಿ ಪ್ಯಾನಲ್ ಲೆಕ್ಕ ಕೇಳಬೇಡಿ. ವರ್ಷಕ್ಕೆ ಇಷ್ಟು ಕರೆಂಟು ಕೊಡಬೇಕು, ಕೊಡದಿದ್ರೆ ನಷ್ಟ ತುಂಬಬೇಕು, ತೊಳೆಯೋದು, ರಿಪೇರಿ ಎಲ್ಲ ಅವರದೇ ಅಂತ ಬರೆಸಿ. ದರ ನೋಡುವಾಗ ಕೊಳ್ಳೋ ದರ ಮಾತ್ರ ನೋಡಬೇಡಿ, ಅದು ಬಾಳೋ ಅಷ್ಟೂ ವರ್ಷ ನಡೆಸೋ ಖರ್ಚು ಸೇರಿಸಿ ನೋಡಿ. ಶಾಲೆ, ಗ್ರಂಥಾಲಯದವರನ್ನೂ ಜೊತೆಗೆ ಸೇರಿಸಿಕೊಳ್ಳಿ. ಒಟ್ಟಿಗೆ ಕೇಳಿದ್ರೆ ಒಳ್ಳೇ ಕಂಪನಿಗಳೂ ಬರ್ತವೆ.”

“ಅಷ್ಟರಲ್ಲಿ ಅನುದಾನ ವಾಪಸ್ ಹೋದ್ರೆ?”

“ಸಮಯ ಕೊಡಿ ಅಂತ ಇವತ್ತೇ ಕೇಳಿ. ಕೊಡದೇನೂ ಇರಬಹುದು, ಸುಳ್ಳು ಹೇಳಲ್ಲ. ಆದ್ರೆ ಕೆಲಸ ಮಾಡದ ಪ್ಯಾನಲ್ ಕೊಂಡರೂ ಅನುದಾನ ಹೋದಂತೆಯೇ ಅಲ್ವಾ?”

ಸಂಜೆಯವರೆಗೂ ಟೈಲರಿಗೆ ಊಟ ಸೇರಲಿಲ್ಲ. ಸಭೆಯಲ್ಲಿ ಮಾರಾಟಗಾರ ಪೆನ್ನಿನ ಮುಚ್ಚಳ ತೆಗೆದು ಮುಂದೆ ಹಿಡಿದ.

“ಒಂದು ಸಹಿ ಸಾಕು ಅಧ್ಯಕ್ಷರೇ.”

“ಎಷ್ಟು ಕರೆಂಟು ಬರುತ್ತೆ?”

“ಬೇಕಾದಷ್ಟು!”

“ಬರದಿದ್ರೆ?”

“ಅಯ್ಯೋ, ಅದೆಲ್ಲ ನಂಬಿಕೆ ಮೇಲೆ ನಡೆಯೋದು.”

“ನಂಬಿಕೆ ಮೇಲೆ ನಾನು ಒಂದು ಗುಂಡಿಯ ಕಾಜಾನೂ ಹೊಲಿಯಲ್ಲಪ್ಪ, ಅಡ್ವಾನ್ಸ್ ಕೇಳ್ತೀನಿ,” ಎಂದು ಟೈಲರ್ ಪೆನ್ನು ಹಿಂದಕ್ಕೆ ಸರಿಸಿದ. ಸದಸ್ಯರಲ್ಲಿ ಇಬ್ಬರು ಎದ್ದು ಹೋದರು. ಸಿಕ್ಕಿದ್ದನ್ನೂ ಕಳೆದ ಎಂದು ಬೀದಿಯಲ್ಲಿ ಮಾತಾಯಿತು.

ಆದರೆ ಮರುದಿನವೇ ಎಲೆಕ್ಟ್ರಿಷಿಯನ್ ಬಂದು ಹೆರಿಗೆ ಕೋಣೆ ಮತ್ತು ಲಸಿಕೆಯ ಫ್ರಿಜ್ಜು ಬಿಟ್ಟು ಉಳಿದದ್ದನ್ನೆಲ್ಲ ಇನ್ವರ್ಟರಿನಿಂದ ಬಿಡಿಸಿದ. ಎಲ್ಇಡಿ ದೀಪ ಹಾಕಿದ. ಫ್ರಿಜ್ಜಿಗೆ ಹೊಸ ರಬ್ಬರು ಬಂತು. ಗುಮಾಸ್ತರು ಮುಖ ಊದಿಸಿಕೊಂಡರು.

ಹೆಚ್ಚು ಸಮಯ ಕೇಳಿದ ಪತ್ರಕ್ಕೆ ಉತ್ತರ ಬರುವ ಮೊದಲೇ ಮಗಳಿಗೆ ನೋವು ಶುರುವಾಯಿತು. ಮಧ್ಯಾಹ್ನ. ಮೋಡ ಕವಿದು ಕೋಣೆಗಳೆಲ್ಲ ಮಬ್ಬಾಗಿದ್ದವು. ಅವಳನ್ನು ಒಳಗೆ ಕರೆದುಕೊಂಡ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು.

ಟೈಲರ್ ಹೊರಗೆ ನಿಂತಿದ್ದ. ಬಾಗಿಲ ಕೆಳಗಿನ ಸಂದಿಯಿಂದ ಬೆಳಕಿನ ಗೆರೆಯೊಂದು ನೆಲಕ್ಕೆ ಬಿದ್ದಿತ್ತು. ಅದನ್ನೇ ನೋಡುತ್ತಿದ್ದ. ಇನ್ವರ್ಟರ್ ಆರುವ ಮೊದಲು ಕೂಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಒಳಗೆ ಮಗಳು ಚೀರಿದಳು. ನಾದಿನಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಇನ್ವರ್ಟರ್ ಕೂಗಲಿಲ್ಲ. ಬೆಳಕಿನ ಗೆರೆ ಹಾಗೇ ಇತ್ತು.

ಆಮೇಲೆ ಮಗು ಅತ್ತಿತು.

ನರ್ಸ್ ಬಾಗಿಲು ತೆಗೆದಾಗ ಬೀದಿಗೆ ಇನ್ನೂ ಕರೆಂಟು ಬಂದಿರಲಿಲ್ಲ. “ಹೆಣ್ಣು. ಇಬ್ಬರೂ ಚೆನ್ನಾಗಿದ್ದಾರೆ,” ಎಂದಳು.

ಅನುದಾನಕ್ಕೆ ಸಮಯ ಸಿಕ್ಕಿತು. ಶಾಲೆ, ಗ್ರಂಥಾಲಯ, ಆರೋಗ್ಯ ಕೇಂದ್ರ ಸೇರಿ ಒಂದೇ ಟೆಂಡರ್ ಕರೆದವು. ಎದ್ದು ಹೋಗಿದ್ದ ಸದಸ್ಯರು ತಾವಾಗಿಯೇ ಬಂದು ಕೂತರು. ಮುಖ್ಯ ಸ್ವಿಚ್ ಆರಿಸಿ, ಹೆರಿಗೆ ಕೋಣೆ ಸೋಲಾರಿನ ಮೇಲೆಯೇ ಹಗಲೆಲ್ಲ ನಡೆದ ಮೇಲಷ್ಟೇ ಕೊನೆಯ ಕಂತಿನ ಹಣ ಎಂದು ಒಪ್ಪಂದದಲ್ಲಿ ಬರೆಸಿದವನು ಟೈಲರೇ.

ಓದುತ್ತಿರುವ ನೀವೂ ಯಾವುದೋ ಶಾಲೆಯ, ಪಂಚಾಯಿತಿಯ, ಗ್ರಂಥಾಲಯದ ಸಮಿತಿಯಲ್ಲಿರಬಹುದು. ಇಲ್ಲವೇ ಅಲ್ಲಿಗೆ ಮಕ್ಕಳನ್ನು ಕಳಿಸುವವರಿರಬಹುದು. ಸೋಲಾರ್ ಕೊಳ್ಳುವ ಮಾತು ಬಂದಾಗ ಮೊದಲು ಆ ಕಟ್ಟಡದೊಳಗೆ ನಡೆದು, ಕರೆಂಟು ಎಲ್ಲೆಲ್ಲಿ ಸೋರುತ್ತಿದೆ ನೋಡಿ. ನಿಲ್ಲಿಸಿ. ಉಳಿದದ್ದನ್ನು ಅಳೆಯಿರಿ. ಎಷ್ಟು ಕರೆಂಟು, ಎಷ್ಟು ವರ್ಷ, ಕೆಟ್ಟರೆ ಯಾರು ಹೊಣೆ ಎಂದು ಸಭೆಯಲ್ಲಿ ಎಲ್ಲರೆದುರು ಕೇಳಿ. ಬಾಯಿಮಾತಿನ ಉತ್ತರ ಬೇಡ, ಬರೆಸಿಕೊಳ್ಳಿ. ಕೇಳಿದವರ ಮೇಲೆ ಒಂದಿಷ್ಟು ಜನ ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳಲಿ. ಬಾಗಿಲ ಆಚೆ ಮಲಗಿರುವವಳು ನಿಮ್ಮ ಮನೆಯವಳೇ ಆಗಿರಬಹುದು.