ಬೈಯುವ ಓಣಿ

ಹತ್ತಿ ವ್ಯಾಪಾರದ ಕೊಟ್ರಪ್ಪನಿಗೆ ತಾನು ನೋಡಿದ್ದೇ ನೋಟ ಎಂಬ ಜಂಬ. ಯಲಬುರ್ಗಾ, ಕುಷ್ಟಗಿ ಸೀಮೆಯಲ್ಲಿ ಹತ್ತಿ ಹಿಡಿದು ಹಿಡಿದು ಪಳಗಿದ ಕೈ. ಒಂದು ಎಳೆ ಎಳೆದು ನೋಡಿ ಇಡೀ ಹೊಲದ ಗುಣ ಹೇಳುತ್ತಿದ್ದ. ಹಾಗೆಯೇ ಕೊಪ್ಪಳದ ಪೇಟೆ ಓಣಿಯಲ್ಲಿ ಕೊಳ್ಳಲೆಂದು ಒಂದು ಮನೆ ನೋಡಿ ತನ್ನೂರು ಇರಕಲ್ಲಗಡಕ್ಕೆ ಬಂದ. ಸಾಗವಾನಿ ಕಂಬ, ಹಿತ್ತಾಳೆ ಗುಬ್ಬಿ ಮೊಳೆಯ ಬಾಗಿಲು, ಅಕ್ಕಪಕ್ಕ ಸಾಹುಕಾರರು.

"ಮನಿ ನೋಡಿದ್ರ ನೀ ಮೂಗಿನ ಮ್ಯಾಲ ಬೆರಳ ಇಡ್ತಿ," ಎಂದ ಹೆಂಡತಿಗೆ.

ಶೇಖರಮ್ಮ ಹಾಗೆಲ್ಲ ಮೂಗಿನ ಮೇಲೆ ಬೆರಳಿಡುವ ಹೆಣ್ಣಲ್ಲ. "ಮನಿ ನೀವು ನೋಡೀರಿ. ಓಣಿ ನಾ ನೋಡ್ತೀನ್ರಿ," ಎಂದಳು.

ಅವಳ ಚಿಂತೆಯೆಲ್ಲ ಅತ್ತೆ ವಿರೂಪಾಕ್ಷಮ್ಮನದು. ಮುದುಕಿಗೆ ಎರಡು ವರ್ಷದಿಂದ ಮರೆವು. ತನ್ನ ಮನೆಯಲ್ಲೇ ಕೂತು, 'ಮನಿಗೆ ಹೋಗ್ತೀನಿ' ಎಂದು ಎದ್ದು ಹೊರಡುತ್ತಿದ್ದಳು. ಇರಕಲ್ಲಗಡದಲ್ಲಿ ಯಾರಾದರೊಬ್ಬರು ಕೈಹಿಡಿದು ತಂದು ಬಿಡುತ್ತಿದ್ದರು. ಗಂಡನೋ ತಿಂಗಳಲ್ಲಿ ಹದಿನೈದು ದಿನ ಊರೂರು ಸುತ್ತುವವನು. ಕೊಪ್ಪಳದಲ್ಲಿ ಮುದುಕಿ ತಪ್ಪಿಸಿಕೊಂಡರೆ ಹುಡುಕಿ ತರುವವರು ಯಾರು? ಸಾಗವಾನಿ ಕಂಬವೇ?

ಮರುವಾರ ಗಂಡನ ಚಕ್ಕಡಿಯಲ್ಲೇ ಕೊಪ್ಪಳಕ್ಕೆ ಹೋದಳು. ಅವನು ದಲಾಲಿ ಅಂಗಡಿಯಲ್ಲಿ ಕೂತ. ಇವಳು ಕೈಯಲ್ಲೊಂದು ಒಣ ಸಗಣಿಯ ಕುಳ್ಳು ಹಿಡಿದು ಓಣಿಗೆ ನಡೆದಳು. ಯುದ್ಧದ ವರ್ಷ ಅದು, ಕಡ್ಡಿಪೆಟ್ಟಿಗೆಗೆ ಬರ ಬಂದಿತ್ತು. ಒಂದು ಮನೆಯ ಕೆಂಡವನ್ನು ಕುಳ್ಳಿನ ಮೇಲೆ ತಂದೇ ಇನ್ನೊಂದು ಮನೆಯ ಒಲೆ ಹೊತ್ತಿಸಬೇಕು. ಕೆಂಡ ಕೇಳಿದರೆ ಓಣಿಯ ಗುಣ ತಿಳಿಯುತ್ತದೆ ಎಂಬುದು ಅವಳ ಯೋಚನೆ.

ಪೇಟೆ ಓಣಿಯಲ್ಲಿ ಒಂದು ಬಾಗಿಲು ತಟ್ಟಿದಳು. "ಓಣಿಗೆ ಹೊಸಬಳದೀನ್ರಿ. ಒಲಿಗೆ ಒಂದ ಕೆಂಡ ಕೊಡ್ರಿ."

ಸಾಹುಕಾರರ ಮನೆಯಾಕೆ ಕಿಟಕಿಯಿಂದಲೇ ಹೊಸದೊಂದು ಕಡ್ಡಿಪೆಟ್ಟಿಗೆ ಕೊಟ್ಟು, "ಇಟ್ಕೋರಿ, ತಿರುಗಿ ಕೊಡೂದು ಬ್ಯಾಡ," ಎಂದು ಕದ ಹಾಕಿಕೊಂಡಳು. ಉಳಿದ ಮನೆಗಳಲ್ಲಿ ಯಾರೂ ಬಾಗಿಲು ತೆಗೆಯಲಿಲ್ಲ.

ಅದರ ಹಿಂದಿನ ಓಣಿಯಲ್ಲೂ ಒಂದು ಮನೆ ಮಾರಾಟಕ್ಕಿತ್ತು. ಮಣ್ಣಿನ ಮಾಳಿಗೆ, ತಲೆ ಬಗ್ಗಿಸಿ ಹೋಗುವ ಬಾಗಿಲು. ಸುತ್ತ ದುಡಿದು ಉಣ್ಣುವ ಮಂದಿ. ಎದುರು ಮನೆಯ ಕಟ್ಟೆಯ ಮೇಲೆ ಪಕ್ಕೀರವ್ವ ಎಂಬಾಕೆ ಜೋಳ ಹಸನು ಮಾಡುತ್ತಿದ್ದಳು. ಶೇಖರಮ್ಮ ಕೆಂಡ ಕೇಳಿದ್ದೇ ತಡ, ಮೊರ ಕೆಳಗಿಟ್ಟಳು.

"ಇವತ್ತ ಯಾ ವಾರ? ಶುಕ್ರಾರ! ಶುಕ್ರಾರ ದಿನ ಮನಿ ಬೆಂಕಿ ಹೊರಗ ಕೊಟ್ರ ಲಕ್ಷ್ಮಿ ಇರ್ತಾಳೇನು? ಯಾವೂರಾಕಿ ನೀ? ನಿಮ್ಮತ್ತಿ ಏನ ಕಲಿಸ್ಯಾಳ ನಿನಗ?"

ಶೇಖರಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಂಗಳವಾರ, ಶುಕ್ರವಾರ ಅವಳೂ ಯಾರಿಗೂ ಬೆಂಕಿ ಕೊಟ್ಟವಳಲ್ಲ. ಓಣಿ ನೋಡುವ ಭರದಲ್ಲಿ ವಾರವೇ ಮರೆತುಹೋಗಿತ್ತು. ಗದ್ದಲಕ್ಕೆ ನಾಲ್ಕು ಮನೆಯ ಹೆಂಗಸರು ಹೊರಗೆ ಬಂದರು. ಪಕ್ಕೀರವ್ವ ಉಸಿರು ತೆಗೆದುಕೊಳ್ಳಲೂ ನಿಲ್ಲದೆ ಮುಂದುವರಿಸಿದಳು:

"ಗರ ಬಡದಂಗ ನಿಂತೀಯಲ್ಲ! ಬೆಂಕಿ ಹೊರಗ ಬರಂಗಿಲ್ಲ, ನೀ ಒಳಗ ಬರಬೌದಲ್ಲ? ನಿನ್ನ ಗಡಿಗಿ ತಂದು ನನ್ನ ಒಲಿ ಮ್ಯಾಲ ಇಡು. ಮುಂಜಾನಿಂದ ಏನರ ಉಂಡೀಯೋ ಇಲ್ಲೋ?"

ಬೆಲ್ಲ, ನೀರು ಕೊಟ್ಟು ಕೂರಿಸಿದರು. ಹೊತ್ತೇರುವುದರೊಳಗೆ ಶೇಖರಮ್ಮನ ತವರು, ಗಂಡನ ವ್ಯಾಪಾರ, ಅತ್ತೆಯ ಮರೆವು ಎಲ್ಲ ಓಣಿಗೆಲ್ಲ ಗೊತ್ತಾಗಿತ್ತು.

ಕತೆ ಕೇಳಿ ಕೊಟ್ರಪ್ಪ ಹಣೆ ಬಡಿದುಕೊಂಡ. "ಒಂದ ಓಣ್ಯಾಗ ಹೊಸಾ ಕಡ್ಡಿಪೆಟ್ಟಿಗಿ ಕೊಟ್ರು. ಇನ್ನೊಂದ್ರಾಗ ಬೈದ್ರು. ನಿನಗ ಬೈದ ಓಣಿ ಬೇಕಾ? ತಲಿ ನೆಟ್ಟಗೈತೇನು?"

"ಆಕಿ ಮತ್ತ ಬರಬ್ಯಾಡ ಅಂತ ಕೊಟ್ಲು. ಈಕಿ ಒಳಗ ಕರಕೊಂಡು ಬೈದ್ಲು. ಬೈಯಾಕರ ಮನಶಾರ ಮಾರಿ ನೋಡಬೇಕಲ್ರಿ?"

ಕೊಟ್ರಪ್ಪ ಆ ಮಾತನ್ನು ತೂಗಿ ನೋಡಿದ. ಪೇಟೆಯ ಗೆಳೆಯರು ನಕ್ಕರೂ ಹಿಂದಿನ ಓಣಿಯ ಮನೆಯನ್ನೇ ಕೊಂಡ. ಆದರೆ ಗೃಹಪ್ರವೇಶದ ದಿನವೇ ಒಂದು ಮಾತು ಕಡ್ಡಿ ಮುರಿದಂತೆ ಹೇಳಿದ: "ನಮ್ಮವ್ವ ಏನರ ಕಳದ ಹೋದ್ಲೋ, ನಾ ನಿನ್ನ ಮಾರಿ ನೋಡಂಗಿಲ್ಲ."

ಎರಡು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಶೇಖರಮ್ಮ ಬಾವಿಯಿಂದ ನೀರು ತಂದು ನೋಡಿದರೆ ಅತ್ತೆಯ ಚಾಪೆ ಬರಿದಾಗಿತ್ತು. ಕೊಡ ಅಲ್ಲೇ ಬಿಟ್ಟು ಬೀದಿಗೆ ಓಡಿದಳು.

"ಮುದುಕಿನ್ನ ನನಗ ಒಪ್ಪಿಸಿ ಹೋಗಾಕ ಏನಾಗಿತ್ತು ನಿನಗ?" ಎಂದು ಬೈಯುತ್ತಲೇ ಪಕ್ಕೀರವ್ವ ಓಣಿಯ ಮಂದಿಯನ್ನು ನಾಲ್ಕು ದಿಕ್ಕಿಗೆ ಅಟ್ಟಿದಳು. ಕೋಟೆ ಕಡೆ ಹೋದವರು ಬರಿಗೈಯಲ್ಲಿ ಬಂದರು. ಸಂತೆ ಬಯಲಿಗೆ ಹೋದವರೂ ಹಾಗೇ ಬಂದರು. ಹೊತ್ತು ಇಳಿಯಿತು. ಸಾಲದ್ದಕ್ಕೆ ಅದೇ ಹೊತ್ತಿಗೆ ಕೊಟ್ರಪ್ಪ ಕುಷ್ಟಗಿಯಿಂದ ಬಂದು ಇಳಿದ. ವಿಷಯ ತಿಳಿದು ಹೆಂಡತಿಯ ಕಡೆ ನೋಡಲೂ ಇಲ್ಲ. ಶೇಖರಮ್ಮ ಹೊಸ್ತಿಲ ಮೇಲೆ ಕುಸಿದು ಕೂತಳು.

ಆಗ ಟಾಂಗಾದ ಗೆಜ್ಜೆ ಕೇಳಿಸಿತು. ರೈಲು ಟೇಸನ್ನಿನ ಬಳಿ ಟಾಂಗಾ ಹೊಡೆಯುವ ಮಕ್ಬುಲಸಾಬ ಓಣಿಯೊಳಗೆ ಬಂದ. ಹಿಂದೆ ವಿರೂಪಾಕ್ಷಮ್ಮ ಮದುವಣಗಿತ್ತಿಯಂತೆ ನೆಟ್ಟಗೆ ಕೂತಿದ್ದಳು.

"ಟೇಸನ್ ಹಾದ್ಯಾಗ ಒಬ್ರ ನಡದಿದ್ರು ನೋಡ್ರಿ," ಎಂದ ಮಕ್ಬುಲಸಾಬ. "ಎಲ್ಲಿಗವ್ವಾ ಅಂದೆ. ಮನಿಗೆ ಅಂದ್ರು. ಮನಿ ಎಲ್ಲೈತಿ ಅಂದ್ರ, 'ಪಕ್ಕೀರವ್ವ ಬೈತಾಳಲ್ಲ, ಆ ಓಣಿ' ಅಂದ್ರು. ಪಕ್ಕೀರವ್ವನ ಬಾಯಿ ಊರಾಗ ಯಾರಿಗೆ ಗೊತ್ತಿಲ್ರಿ? ಸೀದಾ ಹೊಡಕೊಂಡು ಬಂದೆ."

ಓಣಿಗೆ ಓಣಿಯೇ ನಕ್ಕಿತು. ಶೇಖರಮ್ಮನಿಗೆ ನಗು ಬರಲಿಲ್ಲ, ಕಣ್ಣು ತುಂಬಿದವು. ಎರಡು ವರ್ಷದಿಂದ ಯಾವ ಮನೆಯನ್ನೂ ತನ್ನದೆನ್ನದ ಅತ್ತೆ, ಇವಳು ಆರಿಸಿದ ಓಣಿಯನ್ನು ತನ್ನದೆಂದಿದ್ದಳು. ಇದಕ್ಕಿಂತ ಹೆಚ್ಚಿನ ಹೆಮ್ಮೆ ಇನ್ನಾವುದು ಬೇಕಿತ್ತು?

ಕೊಟ್ರಪ್ಪ ತಾಯಿಯನ್ನು ಎತ್ತಿ ಇಳಿಸಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, ಮುಖವನ್ನೇ ನೋಡುತ್ತ ನಿಂತ.

"ಮಕ್ಬುಲಸಾಬ, ಈ ಓಣಿ ಆರಿಸಿದಾಕಿ ನನ್ನ ಹೇಣ್ತಿ ನೋಡಪಾ," ಎಂದ, ಎಲ್ಲರಿಗೂ ಕೇಳುವಂತೆ.

ಶೇಖರಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡಳು. ತಲೆ ಮಾತ್ರ ತಗ್ಗಿಸಲಿಲ್ಲ.