ಸ್ಟೂಲು ಹಿಡಿದವರ ಮಾತು

ಮೂರು ದಿನದಿಂದ ಡ್ರೈವರ್ ಮನೆಯ ಕಾರ್ ಶೆಡ್ಡಿನ ಶಟರು ಮೊಂಡು ಹಿಡಿದಿತ್ತು. ಎತ್ತಿದರೆ ಎದೆಮಟ್ಟಕ್ಕೆ ಬಂದು ನಿಲ್ಲುವುದು, ಕೈ ಬಿಟ್ಟರೆ ದಡಾರನೆ ಬೀಳುವುದು. ಕಾರು ಒಳಗೇ ಉಳಿದಿತ್ತು, ದುಡಿಮೆಯೂ ಒಳಗೇ.

"ಇಂಜಿನ್ನನ್ನೇ ಬಿಚ್ಚಿ ಕಟ್ಟಿದವನು ನಾನು. ಈ ತಗಡು ಯಾವ ಲೆಕ್ಕ?" ಎಂದವನೇ ಡ್ರೈವರ್ ಶಟರನ್ನು ನೆಲಕ್ಕೆ ಇಳಿಸಿ, ಒಳಗಿನಿಂದ ಸ್ಟೂಲು ಹತ್ತಿದ. ಸ್ಪಾನರನ್ನು ಮೇಲಿನ ಬೋಲ್ಟಿಗೆ ಕೂರಿಸಿದ.

ಸ್ಟೂಲು ಹಿಡಿದಿದ್ದ ಹೆಂಡತಿಗೆ ಸಮಾಧಾನವಿಲ್ಲ. "ರೀ, ಎದುರುಮನೆ ಶಟರ್ ಮೇಸ್ತ್ರಿನ ಒಂದು ಮಾತು ಕೇಳೋಣ."

"ಕೇಳು, ಕೇಳು. ಅವರು ಕೆಮ್ಮಿ ಮುಗಿಸೋದರೊಳಗೆ ನನ್ನ ಕೆಲಸ ಮುಗಿದಿರುತ್ತೆ."

ಅವಳು ಓಡಿದಳು. ಮುದಿ ಮೇಸ್ತ್ರಿ ಶೆಡ್ಡಿನ ಪಕ್ಕದ ಬಾಗಿಲಲ್ಲಿ ಕಾಣಿಸಿಕೊಂಡರು. ಕೆಮ್ಮಲಿಲ್ಲ.

"ಬೋಲ್ಟ್ ಮುಟ್ಟಬೇಡ ತಮ್ಮಾ. ಇಳಿ."

ಡ್ರೈವರ್ ನಕ್ಕ. "ಗಾಡಿ ನೆಲಕ್ಕಿಳಿದ ಮೇಲೆ ಜಾಕಿಗೆ ಭಾರ ಎಲ್ಲಿಂದ ಬರಬೇಕು ಮೇಸ್ತ್ರಿ? ಶಟರು ನೆಲದ ಮೇಲೆ ಕೂತಿದೆಯಲ್ಲ."

"ನನ್ನ ತಮ್ಮನೂ ಹಾಗೇ ಅಂದುಕೊಂಡಿದ್ದ. ಮೇಲೆ ಶಟರು ಸುತ್ತಿಕೊಳ್ಳೋ ಆ ಉರುಳೆಯೊಳಗೆ ಸ್ಪ್ರಿಂಗುಗಳಿವೆ. ಒಂದು ಮುರಿದಿರಬೇಕು. ಉಳಿದವು ಶಟರು ಇಳಿದಷ್ಟೂ ಬಿಗೀತವೆ. ಪೂರ್ತಿ ಇಳಿದಾಗಲೇ ಪೂರ್ತಿ ಬಿಗಿ. ಆ ಬೋಲ್ಟ್ ಸಡಿಲಾದರೆ ಅಷ್ಟೂ ಬಿಗಿ ಒಂದೇ ಏಟಿಗೆ ಬಿಚ್ಚಿಕೊಳ್ಳುತ್ತೆ."

"ತಮ್ಮನಿಗೆ ಏನಾಯ್ತು?" ಹೆಂಡತಿ ಮೆಲ್ಲಗೆ ಕೇಳಿದಳು.

"ಇದ್ದಾನಮ್ಮ. ಮೂವತ್ತು ವರ್ಷ ಆಯ್ತು. ದಿನಾ ಬೆಳಿಗ್ಗೆ ಅವನ ಅಂಗಿ ಗುಂಡಿ ನಾನೇ ಹಾಕ್ತೀನಿ. ಅವತ್ತು ಸ್ಟೂಲು ಹಿಡಿದಿದ್ದವನು ನಾನೇ."

ಡ್ರೈವರ್ ತನ್ನ ಅಂಗೈ ನೋಡಿಕೊಂಡ. ಸ್ಟಿಯರಿಂಗ್ ಹಿಡಿದೂ ಹಿಡಿದೂ ಜಡ್ಡುಗಟ್ಟಿದ ಕೈ. ಮನೆ ನಡೆಸುವ ಕೈ. ಮೆಲ್ಲಗೆ ಸ್ಪಾನರ್ ತೆಗೆದು ಕೆಳಗಿಳಿದ.

"ಹಾಗಾದರೆ ನಾನು ಕೈಕಟ್ಟಿ ಕೂರಬೇಕಾ?"

"ಯಾರಪ್ಪ ಹೇಳಿದ್ದು? ಶಟರು ಜಾರೋ ಪಕ್ಕದ ಹಳಿಯ ಕಸ ಗುಡಿಸು. ನಾಳೆ ನಮ್ಮ ಕೆಲಸದವರು ಬರ್ತಾರೆ. ಅಲ್ಲಿವರೆಗೆ ಇದರ ಕೆಳಗೆ ಯಾರೂ ನುಸೀಬಾರದು."

ಡ್ರೈವರ್ ಹೊರಗೆ ಹೋಗಿ ಶಟರಿನ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದ: ‘ಎತ್ತಬೇಡಿ.’ ಹೆಂಡತಿ ಸ್ಟೂಲನ್ನು ಅಡುಗೆಮನೆಗೆ ಒಯ್ದಳು.

ಅಣ್ಣಂದಿರೇ, ಅಕ್ಕಂದಿರೇ, ಶಟರಿನ ಹಳಿ ಗುಡಿಸುವುದು ನಮ್ಮ ಕೆಲಸ. ಸ್ಪ್ರಿಂಗು, ಅದರ ಬೋಲ್ಟು ಮುಟ್ಟುವುದು ಬಲ್ಲವರ ಕೆಲಸ. ನಿಮ್ಮವರು ಸ್ಪಾನರ್ ಹಿಡಿದು ಹತ್ತಿದರೆ ಸ್ಟೂಲು ಹಿಡಿಯಬೇಡಿ. ಕೈಹಿಡಿದು ಇಳಿಸಿಕೊಳ್ಳಿ.