ಹನ್ನೊಂದು ಮೀಟರಿನ ವೃತ್ತ

ಧನ್ಯಶ್ರೀಗೆ ಆರ್ಕಿಟೆಕ್ಚರ್ ಡಿಗ್ರಿ ಇರಲಿಲ್ಲ. ಸಿವಿಲ್ ಡಿಪ್ಲೊಮಾ ಇತ್ತು. ಬಸವೇಶ್ವರನಗರದಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಬಸವಕುಮಾರ್ ಅವರ ಕಚೇರಿ. ಅಲ್ಲಿ ಏಳು ವರ್ಷದಿಂದ ನಕ್ಷೆ ಬರೆಯುತ್ತಿದ್ದಳು. ಪ್ರತಿ ನಕ್ಷೆಯ ಬಲಮೂಲೆಯಲ್ಲಿ ಒಂದು ಸಣ್ಣ ಚೌಕ ಇರುತ್ತದೆ. ಅದರಲ್ಲಿ ‘ವಿನ್ಯಾಸ’ ಎಂಬ ಸಾಲಿನ ಮುಂದೆ ಡಿಗ್ರಿ ಇದ್ದವರ ಹೆಸರು, ಅದರ ಕೆಳಗೆ ‘ಬರೆದವರು’ ಎಂಬ ಸಾಲಿನ ಮುಂದೆ ಅವಳದು. ಇನ್ನೂರು ಮನೆಯಾದರೂ ಬರೆದಿದ್ದಳು, ಹೆಚ್ಚಿನವು ಮೂವತ್ತು-ನಲವತ್ತು ಸೈಟಿನವು. ಅವುಗಳಲ್ಲಿ ಐವತ್ತು ಪೂರ್ತಿ ಅವಳೇ ಯೋಚಿಸಿದ್ದವು. ಹೆಸರು ಒಮ್ಮೆಯೂ ಮೇಲಿನ ಸಾಲಿಗೆ ಏರಿರಲಿಲ್ಲ.

ಲಾರಿಮೋದ ಕೆಲಸ ಬಂದಾಗ ಏರುವ ಹಾಗಾಯಿತು. ಲಾರಿಮೋ ಹಿಮಾಚಲದ ಎತ್ತರದಲ್ಲಿ, ಮರ ಬೆಳೆಯದ ಒಂದು ಕಣಿವೆಯಲ್ಲಿರುವ ಊರು. ಇಪ್ಪತ್ತೆರಡು ಮನೆ. ಅಲ್ಲಿ ಒಂದು ಸ್ತೂಪ, ಅದರ ಪಕ್ಕದಲ್ಲಿ ಒಂದು ಸಮುದಾಯ ಭವನ ಕಟ್ಟಬೇಕು. ಕೆಲಸ ತಂದವರು ಗೆಲೆಕ್ ಎಂಬ ಭಿಕ್ಷು. ಲಾರಿಮೋದಲ್ಲಿ ಹುಟ್ಟಿ, ಏಳನೇ ವಯಸ್ಸಿಗೆ ಓದಲು ಬೈಲಕುಪ್ಪೆಗೆ ಬಂದು, ಅಲ್ಲೇ ನಲವತ್ತು ವರ್ಷ ಕಳೆದವರು. ಅವರ ಕನ್ನಡ ಪಿರಿಯಾಪಟ್ಟಣದ ಸಂತೆಯ ಕನ್ನಡ. ಬೈಲಕುಪ್ಪೆಯಲ್ಲಿ ಒಂದು ಹಾಸ್ಟೆಲ್ ಕಟ್ಟಿಸಿಕೊಟ್ಟಿದ್ದ ಬಸವಕುಮಾರ್ ಬಿಟ್ಟರೆ ಬೇರೆ ಆರ್ಕಿಟೆಕ್ಟ್ ಅವರಿಗೆ ಗೊತ್ತಿರಲಿಲ್ಲ.

ಕಚೇರಿಯಲ್ಲಿ ಇಬ್ಬರು ವಿನ್ಯಾಸ ಮಾಡಿದರು. ಒಬ್ಬಳು ದೀಪ್ತಿ, ಡಿಗ್ರಿ ಇದ್ದವಳು, ಎರಡು ವರ್ಷ ಉತ್ತರಾಖಂಡದಲ್ಲಿ ಕೆಲಸ ಮಾಡಿ ಬಂದವಳು. ಇನ್ನೊಬ್ಬಳು ಧನ್ಯಶ್ರೀ. ಗೆಲೆಕ್ ಎರಡನ್ನೂ ನೋಡಿ ಧನ್ಯಶ್ರೀಯದನ್ನು ಮುಟ್ಟಿದರು.

“ಸಹಿ ನಂದು, ಹೆಸರು ನಿಂದು,” ಎಂದರು ಬಸವಕುಮಾರ್. “ವಿನ್ಯಾಸದ ಮುಂದೆ ನಿನ್ನ ಹೆಸರೇ ಹಾಕು. ಗುರುಗಳು ಫೈನಲ್ ಹಾಳೆಗಳಿಗೆ ಸಹಿ ಮಾಡಿದ ಮೇಲೆ ಸೈಟ್ ಇಂಜಿನಿಯರ್ ಆಗಿ ನೀನೇ ಹೋಗು, ಜೂನ್‌ಗೆ.”

ದೀಪ್ತಿಗೆ ಬೇಸರವಾಗಿದ್ದರೂ ತೋರಿಸಲಿಲ್ಲ. “ಸ್ವೆಟರ್ ತಗೋ ಕಣೇ,” ಎಂದಳು. “ಇಲ್ಲಿನ ಸ್ವೆಟರ್ ಅಲ್ಲಿ ಬನಿಯನ್ ಥರ.”

ಧನ್ಯಶ್ರೀಯ ವಿನ್ಯಾಸ ನಿಂತದ್ದು ಒಂದು ಸಮತಟ್ಟು ಜಾಗದ ಮೇಲೆ. ಡ್ರೋನ್ ಸರ್ವೆಯಲ್ಲಿ ಊರಿನ ಮೇಲ್ಗಡೆ, ಗುಡ್ಡದ ಅಂಚಿನ ಮೇಲೆ, ಸರಿಯಾಗಿ ಹನ್ನೊಂದು ಮೀಟರ್ ಅಗಲದ ದುಂಡನೆಯ ಬಯಲು ಕಂಡಿತ್ತು. ಮಿಕ್ಕೆಲ್ಲ ಕಡೆ ಇಳಿಜಾರು, ಬಂಡೆ. ಸರ್ವೆಯವರು ಅದಕ್ಕೆ ‘ಖಾಲಿ ಸಮತಟ್ಟು ಜಾಗ’ ಎಂದು ಬರೆದಿದ್ದರು. ಬೆಂಗಳೂರಿನಲ್ಲಿ ಖಾಲಿ ಸಮತಟ್ಟು ಜಾಗ ಎಂದರೆ ಸೈಟು. ಸ್ತೂಪಕ್ಕೆ ಬೇಕಾದದ್ದೂ ವೃತ್ತವೇ. ಅಳೆದು ನೋಡಿದಾಗ ಸ್ತೂಪವೂ ಅದರ ಸುತ್ತಲಿನ ಪ್ರದಕ್ಷಿಣೆಯ ಹಾದಿಯೂ ಒಂದಡಿ ಹೆಚ್ಚು ಕಡಿಮೆ ಇಲ್ಲದೆ ಅದರೊಳಗೆ ಕೂತವು. ಅವತ್ತು ಅವಳು ಮಧ್ಯಾಹ್ನದ ಊಟ ಮರೆತಿದ್ದಳು.

ಮಾಡೆಲ್ ಮಾಡುವ ಕೆಲಸ ಬೈರಯ್ಯನದು. ದೀಪಾಂಜಲಿ ನಗರದಲ್ಲಿ, ಮೈಸೂರು ರಸ್ತೆಯಿಂದ ಎರಡು ಓಣಿ ಒಳಗೆ ಅವನ ಶೆಡ್. ಅರವತ್ತು ದಾಟಿತ್ತು. ಮೊದಲು ಬಡಗಿ, ಈಗ ಬಿಲ್ಡರ್‌ಗಳಿಗೆ ಅಪಾರ್ಟ್‌ಮೆಂಟಿನ ಪುಟ್ಟ ಮಾಡೆಲ್ ಮಾಡಿಕೊಡುತ್ತಿದ್ದ. ಗುಡ್ಡ ಮಾಡಿದ್ದು ಇದೇ ಮೊದಲು. ಸೆಪ್ಟೆಂಬರ್ ತಿಂಗಳ ಒಂದು ಗುರುವಾರ ಸಂಜೆ ಧನ್ಯಶ್ರೀ ವಿಜಯನಗರದಲ್ಲಿ ಮೆಟ್ರೋ ಹತ್ತಿ, ಎರಡನೇ ಸ್ಟೇಷನ್‌ಗೆ ಇಳಿದು ನೋಡಲು ಹೋದಳು. ಮರುದಿನ ಹನ್ನೊಂದಕ್ಕೆ ಗೆಲೆಕ್ ಸಹಿ ಮಾಡಲು ಬರುವವರಿದ್ದರು.

ಮೂರು ಮಿಲಿಮೀಟರ್ ದಪ್ಪದ ಮರದ ಹಲಗೆಗಳನ್ನು ಏರುತಗ್ಗಿನ ಗೆರೆಗಳ ಪ್ರಕಾರ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ ಬೈರಯ್ಯ ಗುಡ್ಡ ಎಬ್ಬಿಸಿದ್ದ. ಮೂವತ್ತೊಂದು ಪದರ. ಸ್ತೂಪ ಇನ್ನೂ ಪಕ್ಕದಲ್ಲೇ ಇತ್ತು, ಬಿಳಿ ಬಣ್ಣ ಒಣಗುತ್ತಿತ್ತು.

“ಬಾಮ್ಮಾ. ನಿಮ್ ಗುಡ್ಡ ನನ್ ಸೊಂಟ ತೆಗೀತು,” ಎಂದ. “ಅಪಾರ್ಟ್‌ಮೆಂಟೇ ವಾಸಿ. ಒಂದು ಫ್ಲೋರ್ ಕೊಯ್ದ್ರೆ ಹದಿನೈದು ಫ್ಲೋರ್ ಅದೇ.”

“ಚೆನ್ನಾಗ್ ಬಂದಿದೆ ಬೈರಯ್ಯಣ್ಣ.”

“ಬಂದೈತೆ. ಒಂದು ಕೇಳ್ಲಾ? ಈ ದುಂಡಗಿರೋದು ಏನು?”

“ಅಲ್ಲೇ ಸ್ತೂಪ ಬರೋದು. ಖಾಲಿ ಜಾಗ.”

“ಖಾಲಿ ಅಂತ ಯಾರಂದ್ರು?”

“ಸರ್ವೆಯಲ್ಲಿ ಹಂಗಿದೆ.”

ಬೈರಯ್ಯ ಟೇಬಲ್ ಫ್ಯಾನನ್ನು ಗುಡ್ಡದ ಕಡೆ ತಿರುಗಿಸಿದ. ಹಲಗೆ ಕೊಯ್ದ ಪುಡಿ ಮಾಡೆಲ್ ಮೇಲೆಲ್ಲ ಬಿದ್ದಿತ್ತು. ಅರ್ಧ ನಿಮಿಷದಲ್ಲಿ ಆ ವೃತ್ತದ ಮೇಲಿನ ಪುಡಿ ಹಾರಿಹೋಯಿತು. ತಗ್ಗಿನಲ್ಲಿದ್ದದ್ದು ಹಾಗೇ ಉಳಿಯಿತು.

“ಎರಡು ದಿನದಿಂದ ನೋಡ್ತಾ ಇದೀನಿ. ಎಲ್ಲಾ ಕಡೆ ಗುಡಿಸ್ಬೇಕು, ಇಲ್ಲೊಂದು ಕಡೆ ಬ್ಯಾಡ. ಗುಡ್ಡದಾಗೆ ಕಷ್ಟಪಟ್ಟು ಇಷ್ಟು ದುಂಡಗೆ ಮಟ್ಟ ಮಾಡವ್ರೆ, ಅದೂ ಗಾಳಿ ಬಡಿಯೋ ಜಾಗದಾಗೆ. ಸುಮ್ನೆ ಮಾಡ್ತಾರಾ? ಇದು ಕಣ ಕಣಮ್ಮ. ಒಕ್ಕಣೆ ಕಣ. ಬೆಳೆ ತುಳಿಸಿ, ಗಾಳಿಗೆ ತೂರೋ ಜಾಗ.”

ಧನ್ಯಶ್ರೀ ಹುಟ್ಟಿದ್ದು ನಂದಿನಿ ಲೇಔಟ್‌ನಲ್ಲಿ. ಕಣವನ್ನು ಶಾಲೆಯ ಪಠ್ಯದಲ್ಲಿ ಓದಿದ್ದಳು. ಬೈರಯ್ಯ ಕೆಂಗೇರಿ ಕಡೆಯವನು. ಅವನ ಊರು ಲೇಔಟ್ ಆಗಿ ಇಪ್ಪತ್ತೈದು ವರ್ಷವಾಗಿತ್ತು.

“ನಡುವೆ ಏನಾದ್ರೂ ಇತ್ತಾ?” ಎಂದು ಕೇಳಿದ.

“ಏನಿಲ್ಲ.” ಆಮೇಲೆ ನೆನಪಾಯಿತು. “ಒಂದು ಕಂಬ ಅಂತ ತೋರಿಸಿದ್ರು. ಚುಕ್ಕಿ. ಅದನ್ನ ಡಿಲೀಟ್ ಮಾಡ್ದೆ.”

“ಸರಿಹೋಯ್ತು. ಅದು ಮೇಟಿ. ದನ ಕಟ್ಟಿ ಸುತ್ತ ಹೊಡಿಯೋ ಕಂಬ.” ಬೈರಯ್ಯ ಫ್ಯಾನ್ ಆಫ್ ಮಾಡಿದ. “ನಮ್ ಕಣದ ಮೇಲೂ ಒಬ್ಬ ಇಂಜಿನಿಯರ್ರು ಬರೆದಿದ್ದ, ಖಾಲಿ ಜಾಗ ಅಂತ. ಈಗ ಅಲ್ಲಿ ಒಳಚರಂಡಿ ಪಂಪ್‌ಹೌಸ್ ಐತೆ. ನಾನೇನು ಅಳ್ತಾ ಇಲ್ಲ. ಅದಕ್ಕೆ ಬಂದ ಪರಿಹಾರದ ದುಡ್ಡಲ್ಲೇ ಈ ಶೆಡ್ ಹಾಕ್ದೆ. ಆದ್ರೆ ನಮಗೆ ಆಗ್ಲೇ ಬೇಸಾಯ ಬಿಟ್ಟೋಗಿತ್ತು. ಅವ್ರು ಇನ್ನೂ ಉಣ್ತಾವ್ರಲ್ಲ.”

“ಸ್ತೂಪ ಅಂಟಿಸ್ಬೇಡಿ, ನಾಳೆವರ್ಗೂ,” ಎಂದಳು ಧನ್ಯಶ್ರೀ.

“ಅಂಟಿಸ್ದೆ ಹೆಂಗಮ್ಮ ತರ್ಲಿ? ಆಟೋದಾಗೆ ಉಳ್ಳೋಯ್ತದೆ. ಒಂದೇ ಒಂದು ಹನಿ ಹಾಕ್ತೀನಿ, ಬ್ಲೇಡ್‌ಗೆ ಬಿಡೋ ಹಂಗೆ.”

ಬೆಳಿಗ್ಗೆ ಒಂಬತ್ತೂವರೆಗೆ ಅವಳು ಬಸವಕುಮಾರ್ ಅವರಿಗೆ ವಿಷಯ ಹೇಳಿದಳು. ಅವರು ಕೂಗಾಡುವವರಲ್ಲ. ಹಣೆಯ ವಿಭೂತಿ ಕೆಡದ ಹಾಗೆ ಕನ್ನಡಕ ತೆಗೆದು ಒರೆಸಿಕೊಂಡರು.

“ಬೈರಯ್ಯ ಅಲ್ಲಿಗೆ ಹೋಗಿ ನೋಡಿದಾನಾ?”

“ಇಲ್ಲ ಸಾರ್.”

“ನೀನು?”

“ಇಲ್ಲ.”

“ಸರ್ವೆಯಲ್ಲಿ ಖಾಲಿ ಅಂತ ಇದೆ. ಆ ಕಾಗದ ನಮ್ಮ ಹತ್ರ ಇದೆ. ಗುರುಗಳೂ ಅದೇ ಊರಿನವರು, ಅವರಿಗೆ ಗೊತ್ತಿಲ್ಲದ್ದು ನಮಗೇನು ಗೊತ್ತು? ಈ ತಿಂಗಳು ಅನುಮತಿಯ ಅರ್ಜಿ ಹೋಗ್ಲಿಲ್ಲ ಅಂದ್ರೆ ಬರೋ ಜೂನ್‌ಗೆ ಕೆಲಸ ಶುರುವಾಗಲ್ಲ. ಅಲ್ಲಿ ಕಟ್ಟೋಕೆ ಆಗೋದೇ ವರ್ಷಕ್ಕೆ ನಾಲ್ಕು ತಿಂಗಳು. ಇವತ್ತು ಸಹಿ ಆಗ್ಲಿ. ಆಮೇಲೆ ನೋಡೋಣ.”

ಸಹಿಯಾದ ಮೇಲೆ ಯಾವುದನ್ನೂ ಯಾರೂ ನೋಡಿದ್ದನ್ನು ಏಳು ವರ್ಷದಲ್ಲಿ ಅವಳು ಕಂಡಿರಲಿಲ್ಲ. ಅವರಿಗೂ ಅದು ಗೊತ್ತಿತ್ತು.

“ಒಂದು ಮಾತು,” ಎಂದರು ಬಸವಕುಮಾರ್. “ಆ ಜಾಗ ಬಿಟ್ರೆ ಉಳಿಯೋದು ಪಶ್ಚಿಮದ ಬಂಡೆ ಇಳಿಜಾರು. ಅಲ್ಲಿ ತಡೆಗೋಡೆ, ಮೆಟ್ಟಿಲು, ಎಲ್ಲಾ ಬೇರೆ ಕೆಲಸ. ಅದನ್ನ ನಿನಗೆ ಕೊಡೋಕಾಗಲ್ಲ ಧನ್ಯಾ. ದೀಪ್ತಿಗೆ ಹೋಗುತ್ತೆ. ಗೊತ್ತಿರಲಿ ಅಂತ ಹೇಳ್ದೆ.”

ಬೆದರಿಕೆಯ ದನಿ ಇರಲಿಲ್ಲ. ಹೇಳಿದ್ದು ನಿಜವೂ ಆಗಿತ್ತು. ಧನ್ಯಶ್ರೀ ತನ್ನ ಮೇಜಿಗೆ ಹೋಗಿ ಹದಿನಾಲ್ಕು ಹಾಳೆಗಳನ್ನು ಕ್ರಮವಾಗಿ ಜೋಡಿಸಿದಳು. ಪ್ರತಿಯೊಂದರ ಮೂಲೆಯಲ್ಲೂ ವಿನ್ಯಾಸದ ಮುಂದೆ ಅವಳ ಹೆಸರಿತ್ತು. ಫೋಟೋ ತೆಗೆದುಕೊಳ್ಳಬೇಕೆನ್ನಿಸಿತು. ತೆಗೆದುಕೊಳ್ಳಲಿಲ್ಲ.

ಗೆಲೆಕ್ ಹನ್ನೊಂದಕ್ಕೆ ಬಂದರು. ಮಾಡೆಲ್ ಹೊತ್ತುಕೊಂಡು ಬೈರಯ್ಯನೂ ಬಂದಿದ್ದ. ಅದನ್ನು ಮೇಜಿನ ಮೇಲಿಟ್ಟು ಗೋಡೆಗೊರಗಿ ನಿಂತ.

“ಬನ್ನಿ ಸ್ವಾಮೀಜಿ,” ಎಂದರು ಬಸವಕುಮಾರ್.

“ಸ್ವಾಮೀಜಿ ಎಲ್ಲಾ ಬ್ಯಾಡಿ ಸಾರ್. ಕುಶಾಲನಗರ ಬಸ್‌ಸ್ಟ್ಯಾಂಡಲ್ಲಿ ನನ್ನ ಅಣ್ಣಾ ಅಂತಾರೆ, ಅದೇ ಸಾಕು,” ಎಂದು ಗೆಲೆಕ್ ಕೂತರು. ಮಾಡೆಲ್ ನೋಡಿ ಎದ್ದು ನಿಂತರು. ಮನೆಗಳನ್ನು ಬೆರಳಿನಿಂದ ಎಣಿಸುತ್ತ ಹೋಗಿ ಒಂದರ ಮೇಲೆ ನಿಂತು, “ಇದು ನಮ್ಮದು. ಈಗ ಅಕ್ಕ ಇದಾಳೆ,” ಎಂದರು.

ಧನ್ಯಶ್ರೀ ಹತ್ತು ನಿಮಿಷ ಮಾತಾಡಿದಳು. ಭವನದಲ್ಲಿ ಎಷ್ಟು ಜನ ಕೂರಬಹುದು, ಹಿಮ ಬಿದ್ದಾಗ ಮಕ್ಕಳಿಗೆ ಪಾಠ ಎಲ್ಲಿ, ನರ್ಸ್ ಬಂದರೆ ಯಾವ ಕೋಣೆ, ಕಿಟಕಿಗಳು ಯಾಕೆ ದಕ್ಷಿಣಕ್ಕೇ ಇವೆ. ಇದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಗೆಲೆಕ್ ತಲೆಯಾಡಿಸಿದರು, ಪೆನ್ನು ತೆಗೆದರು. ಮೊದಲ ಹಾಳೆಗೆ ಸಹಿ ಮಾಡಿದರು. ಎರಡನೆಯದಕ್ಕೂ ಮಾಡಿದರು. ಮೂರನೆಯದು ಜಾಗದ ನಕ್ಷೆ.

“ಸಾರ್,” ಎಂದಳು ಧನ್ಯಶ್ರೀ. “ಈ ದುಂಡನೆ ಜಾಗದಲ್ಲಿ ಊರಿನವರು ಏನ್ ಮಾಡ್ತಾರೆ?”

ಬಸವಕುಮಾರ್ ಕಿಟಕಿಯ ಕಡೆ ನೋಡಿದರು.

“ಅಲ್ಲಿಯಾ? ನಾವು ಅಲ್ಲಿ ಆಡ್ತಾ ಇದ್ವಿ,” ಎಂದರು ಗೆಲೆಕ್. “ಹುಲ್ಲಿನ ರಾಶಿಯಲ್ಲಿ ಬಿದ್ದು ಹೊರಳಾಡ್ತಾ ಇದ್ವಿ.”

“ಮರಾನೂ ಬೆಳೆಯದ ಕಡೆ ಅಷ್ಟೊಂದು ಹುಲ್ಲು ಎಲ್ಲಿಂದ ಬರ್ತಿತ್ತು ಸಾರ್?”

ಗೆಲೆಕ್ ಪೆನ್ನಿನ ಮುಚ್ಚಳ ಹಾಕಿದರು. ಫೋನ್ ತೆಗೆದು ಅಕ್ಕನಿಗೆ ವಿಡಿಯೋ ಕಾಲ್ ಮಾಡಿದರು. ಎರಡನೇ ಸಲಕ್ಕೆ ಸಿಕ್ಕಿತು. ಅಕ್ಕನ ಮುಖದ ತುಂಬ ಹೊಟ್ಟು. ಮನೆಯಲ್ಲಿರಲಿಲ್ಲ. ಏನು ಎಂದು ಕೇಳಿದ್ದಕ್ಕೆ ಫೋನನ್ನು ತಿರುಗಿಸಿದಳು.

ಬಯಲಿನ ನಡುವೆ ಕಂಬ. ಅದಕ್ಕೆ ಸಾಲಾಗಿ ಕಟ್ಟಿದ ಐದು ಪ್ರಾಣಿಗಳು, ದನಕ್ಕಿಂತ ಕೂದಲು ಜಾಸ್ತಿ, ಬಾರ್ಲಿ ತುಳಿಯುತ್ತ ಸುತ್ತುತ್ತಿದ್ದವು. ಆಚೆಗೆ ನಾಲ್ಕು ಹೆಂಗಸರು ಮರದ ಕವೆಗೋಲಿನಿಂದ ತೂರುತ್ತಿದ್ದರು. ಹೊಟ್ಟು ಒಂದೇ ದಿಕ್ಕಿಗೆ ಹಾರಿ ಹೋಗುತ್ತಿತ್ತು.

ಬೈರಯ್ಯ ಗೋಡೆ ಬಿಟ್ಟು ಹತ್ತಿರ ಬಂದು ಬಗ್ಗಿ ನೋಡಿದ. “ಕಂಬದ ಪಕ್ಕದಲ್ಲಿರೋದು ಮುದಿ ಇರ್ಬೇಕು, ಕೇಳಿ ಸಾಮಿ. ಒಳಗಡೇದು ಕಮ್ಮಿ ನಡೀತದೆ, ಅದಕ್ಕೇ ಮುದಿಯವನ್ನ ಅಲ್ಲಿ ಕಟ್ಟೋದು.”

ಗೆಲೆಕ್ ಕೇಳಿದರು. ಅಕ್ಕ ನಕ್ಕಳು. “ಹೌದಂತೆ. ಹದಿನಾರು ವರ್ಷದ್ದಂತೆ,” ಎಂದರು ಗೆಲೆಕ್. ಆಮೇಲೆ ತಮ್ಮ ಭಾಷೆಯಲ್ಲಿ ಅಕ್ಕನಿಗೆ ಏನೋ ವಿವರಿಸಿದರು. ಅವಳು ಉದ್ದಕ್ಕೆ ಉತ್ತರ ಕೊಟ್ಟಳು. ಪಕ್ಕದಲ್ಲಿದ್ದ ಹೆಂಗಸರೂ ದನಿ ಸೇರಿಸಿದರು. ಫೋನ್ ಕಟ್ ಆಯಿತು.

“ಏನಂದ್ರು?” ಎಂದು ಬಸವಕುಮಾರ್ ಕೇಳಿದರು.

“ಇಪ್ಪತ್ತೆರಡು ಮನೆಗೂ ಇದೊಂದೇ ಕಣ ಅಂತೆ. ಬೇರೆ ಕಡೆ ಗಾಳಿ ಬರಲ್ಲ. ಭವನಕ್ಕೆ ಜಾಗ ಬೇಕು ಅಂತ ಊರಿನವರನ್ನ ಕೇಳಿದ್ರಂತೆ, ಎಲ್ಲಿ ಅಂತ ಯಾರೂ ಹೇಳ್ಲಿಲ್ವಂತೆ.” ಗೆಲೆಕ್ ಕೈಯಲ್ಲಿದ್ದ ಪೆನ್ನನ್ನು ಜೋಳಿಗೆಯೊಳಗೆ ಹಾಕಿದರು. “ಅಲ್ಲಿ ಸ್ತೂಪ ಕಟ್ಟಿದ್ರೆ ದಿನಾ ಪ್ರದಕ್ಷಿಣೆ ಹಾಕ್ತೀವಿ, ಊಟಕ್ಕೆ ಬೈಲಕುಪ್ಪೆಗೆ ಬರ್ತೀವಿ, ಎಲೆ ಹಾಕ್ಸು ಅಂತಾಳೆ.”

ಯಾರೂ ನಗಲಿಲ್ಲ. ಆಮೇಲೆ ಗೆಲೆಕ್ ಒಬ್ಬರೇ ನಕ್ಕರು.

“ನಂದೇ ತಪ್ಪು ಸಾರ್. ಏಳು ವರ್ಷದ ಹುಡುಗನ ನೆನಪಲ್ಲಿ ಜಾಗ ಒಪ್ಕೊಂಡೆ.”

“ಒಂದು ಬೇಸಿಗೆ ಹೋಗುತ್ತೆ ಗುರುಗಳೇ,” ಎಂದರು ಬಸವಕುಮಾರ್.

“ಹೋಗ್ಲಿ.”

ಬಸವಕುಮಾರ್ ಒಂದು ಗಂಟೆಯೊಳಗೆ ದೀಪ್ತಿಯನ್ನು ಕರೆದು ಪಶ್ಚಿಮದ ಇಳಿಜಾರಿನ ನಕ್ಷೆ ಕೊಟ್ಟರು. ದೀಪ್ತಿ ಅದನ್ನು ತಂದು ಧನ್ಯಶ್ರೀಯ ಮೇಜಿನ ಮೇಲೆ ಹರಡಿದಳು.

“ನೀನು ಸುಮ್ನಿದ್ದಿದ್ರೆ ಜೂನ್‌ಗೆ ಅಲ್ಲಿರ್ತಿದ್ದೆ,” ಎಂದಳು.

“ಗೊತ್ತು.”

“ನಾನಾಗಿದ್ರೆ ಸುಮ್ನಿರ್ತಿದ್ದೆ ಅನ್ಸುತ್ತೆ. ಭವನದ ಒಳಗಡೆ ನಿಂದೇ ಇಟ್ಕೋತೀನಿ. ಕಿಟಕಿ ಚೆನ್ನಾಗಿವೆ.”

“ಇಟ್ಕೋ.”

“ಹೆಸರು ಮಾತ್ರ...”

“ಗೊತ್ತು ಬಿಡೇ.”

ಬೈರಯ್ಯ ಬ್ಲೇಡಿನಿಂದ ಸ್ತೂಪವನ್ನು ಕಿತ್ತ. ಕಣದ ಮೇಲೆ ಅಂಟಿನ ಒಂದು ಚುಕ್ಕಿ ಉಳಿಯಿತು, ಮೇಟಿ ಇರಬೇಕಾದ ಜಾಗದಲ್ಲೇ. ಅವನು ಜೇಬಿನಿಂದ ಬೆಂಕಿಕಡ್ಡಿ ತೆಗೆದು, ತಲೆ ಮುರಿದು, ಅಲ್ಲಿ ನಿಲ್ಲಿಸಿದ. “ಇನ್ನೊಬ್ಬ ಇಂಜಿನಿಯರ್ರು ಡಿಲೀಟ್ ಮಾಡ್ದೇ ಇರ್ಲಿ,” ಎಂದು ಧನ್ಯಶ್ರೀಯ ಕಡೆ ನೋಡಿ, ಆಟೋ ಹುಡುಕಲು ಇಳಿದುಹೋದ.

ಹೊಸ ವಿನ್ಯಾಸ ಜನವರಿಯಲ್ಲಿ ಮುಗಿಯಿತು. ಸ್ತೂಪ ಬಂಡೆಯ ಮೇಲೆ, ಭವನ ಅದರ ಕೆಳಗೆ ಮೂರು ಮೆಟ್ಟಿಲಾಗಿ. ಅಲ್ಲಿಗೆ ಸಾಮಾನು ಸಾಗಿಸುವ ದಾರಿ ಎರಡು ಬಾರ್ಲಿ ಹೊಲಗಳ ಮೇಲೆಯೇ ಹೋಗಬೇಕಾಯಿತು. ಊರಿನವರು ಕೂತು ಮಾತಾಡಿ ಒಪ್ಪಿದರು. ಈ ಸಲ ನಕ್ಷೆಯನ್ನು ಮೊದಲು ಕಳಿಸಿದ್ದು ಅವರಿಗೆ. ಗೆಲೆಕ್ ಹದಿನೆಂಟು ಹಾಳೆಗಳಿಗೆ ಸಹಿ ಮಾಡಿದರು. ಬರೆದದ್ದು ಧನ್ಯಶ್ರೀ. ಸೈಟಿಗೆ ದೀಪ್ತಿ ಹೋಗುತ್ತಾಳೆ.

ಕಣ ಉಳಿಯಿತು. ಹೋದದ್ದು ಇಷ್ಟು: ಒಂದು ಬೇಸಿಗೆ, ಎರಡು ಬಾರ್ಲಿ ಹೊಲ, ಹದಿನಾಲ್ಕು ಹಾಳೆ, ಮತ್ತು ಆ ಹದಿನಾಲ್ಕರ ಮೂಲೆಯಲ್ಲೂ ಇದ್ದ ಮೂರಕ್ಷರದ ಒಂದು ಹೆಸರು.